ಸಾಂಪ್ರದಾಯಿಕ ಜೇಬುಚಾಕು

ಜೇಬುಚಾಕು ಎಂದರೆ ಜೇಬಿನಲ್ಲೋ, ಸೊಂಟದ ಮಡಿಕೆಯಲ್ಲೋ, ಎಲೆಅಡಿಕೆ ಸಂಚಿಯಲ್ಲೋ ಇಟ್ಟುಕೊಂಡು ಹೋಗಬಹುದಾದ, ದಿನನಿತ್ಯದ ಸಣ್ಣಪುಟ್ಟ ಕೊಯ್ತಗಳಿಗೆ ಬಳಸುವ ಕಿರಿಯ ಚಾಕು. ಇದರ ಅಲಗು ಸಾಮಾನ್ಯವಾಗಿ ಹಿಡಿಯೊಳಗೆ ಮಡಚಿಕೊಳ್ಳುತ್ತದೆ. ಒರೆಯಲ್ಲಿಟ್ಟು ಒಯ್ಯುವ, ಮಡಚಲಾಗದ ಕಿರುಗತ್ತಿಗಳನ್ನೂ ಸಂಗ್ರಾಹಕರು ಇದೇ ವರ್ಗಕ್ಕೆ ಸೇರಿಸುತ್ತಾರೆ. ಯುರೋಪ್ ಮತ್ತು ಜಪಾನ್‌ಗಳಲ್ಲಿ ಇಂತಹ ಚಾಕುಗಳನ್ನು ಸಂಗ್ರಹಿಸಿ ಬಳಸುವುದು ವ್ಯಾಪಕವಾದ ಹವ್ಯಾಸ. ಕರ್ನಾಟಕದಲ್ಲಿ ಕಿರುಚಾಕುವಿನ ಪರಂಪರೆ ಮುಖ್ಯವಾಗಿ ಕೆಲಸದ ಪರಂಪರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ತೋಟಗಾರಿಕೆ ಹಾಗೂ ರೇಷ್ಮೆ ಕೃಷಿಯಲ್ಲಿ, ವೀಳ್ಯದ ರೂಢಿಯಲ್ಲಿ ಮತ್ತು ಹಳ್ಳಿಯ ಕುಲುಮೆಯಲ್ಲಿ ಅದರ ನೆಲೆಯಿದೆ. ಈ ಚಾಕುಗಳ ಆಕಾರ, ಸವೆತ ಮತ್ತು ಕಾನೂನಿನ ದೃಷ್ಟಿಯಲ್ಲಿ ಅವುಗಳಿಗಿರುವ ಸ್ಥಾನ ಇವೆಲ್ಲವೂ ಅವು ಯಾವ ಕೆಲಸಕ್ಕಾಗಿ ಹುಟ್ಟಿದವು ಎಂಬುದನ್ನು ಅವಲಂಬಿಸಿರುವುದರಿಂದ, ಬಳಕೆಯನ್ನು ಬಿಟ್ಟು ವಸ್ತುವನ್ನಷ್ಟೇ ಕೂಡಿಡುವ ಸಂಗ್ರಹ ಅಪೂರ್ಣವಾಗಿ ಉಳಿಯುತ್ತದೆ.

ಹೆಸರು

'ಚಾಕು' ಪದವು ಪರ್ಸಿಯನ್ ಮೂಲಕ ಕನ್ನಡಕ್ಕೆ ಬಂದಿದೆ. 'ಜೇಬು' ಸಹ ಅರಬ್ಬಿಯಿಂದ ಪರ್ಸಿಯನ್ ದಾರಿಯಾಗಿ ಬಂದ ಪದ. 'ಚೂರಿ'ಯು ಸಂಸ್ಕೃತದ 'ಛುರಿಕಾ' ಪದಕ್ಕೆ ಸಂಬಂಧಿಸಿದೆ. 'ಕತ್ತಿ' ದ್ರಾವಿಡ ಪದವಾಗಿದ್ದು ಕನ್ನಡ, ತೆಲುಗು, ತಮಿಳು, ಮಲಯಾಳಂ ಈ ನಾಲ್ಕರಲ್ಲೂ ಬಳಕೆಯಲ್ಲಿದೆ. ಆದರೆ ಅರ್ಥದ ಹರವು ಎಲ್ಲೆಡೆ ಒಂದೇ ಅಲ್ಲ. ಬಯಲುಸೀಮೆಯ ಕನ್ನಡದಲ್ಲಿ 'ಕತ್ತಿ' ಎಂದಾಗ ದೊಡ್ಡ ಆಯುಧವೇ ಮೊದಲು ನೆನಪಾಗುತ್ತದೆ. ಕರಾವಳಿ ಮತ್ತು ಕೊಡಗಿನಲ್ಲಿ ದಿನದ ಕೆಲಸದ ಉಪಕರಣಕ್ಕೂ ಅದೇ ಹೆಸರು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕನ್ನಡದೊಂದಿಗೆ ತೆಲುಗು ಮತ್ತು ದಖನಿ ಉರ್ದು ಮಾತುಗಳೂ ಬೆರೆತಿದ್ದು, 'ಚಾಕು' ಎಂಬುದು ಮೂರು ಭಾಷೆಯವರಿಗೂ ತಿಳಿಯುವ ಪದವಾಗಿದೆ. 'ಬಾಕು' ಎಂಬುದು ತಿವಿಯುವ ಆಯುಧದ ಹೆಸರು. ಅದನ್ನು ಜೇಬುಚಾಕುವಿಗೆ ಬಳಸುವುದು ಸರಿಯಲ್ಲ.

ರಚನೆ ಮತ್ತು ಬಗೆಗಳು

ಜೇಬುಚಾಕುವಿನ ಮುಖ್ಯ ಭಾಗಗಳು ಅಲಗು, ಹಿಡಿ ಮತ್ತು ಇವೆರಡನ್ನೂ ಕೂಡಿಸುವ ಕೀಲು. ಅಲಗಿನ ಹರಿತವಾದ ಅಂಚಿಗೆ ಬಾಯಿ ಎಂದೂ ದಪ್ಪ ಅಂಚಿಗೆ ಬೆನ್ನು ಎಂದೂ ಹೆಸರು. ಹಲವು ಚಾಕುಗಳಲ್ಲಿ ಬೆನ್ನಿನ ಬಳಿ ಉಗುರು ಸಿಕ್ಕಿಸಿ ಅಲಗನ್ನು ಹೊರಗೆಳೆಯಲು ಒಂದು ಗೀರು ಇರುತ್ತದೆ. ಅಲಗು ತೆರೆದ ಸ್ಥಿತಿಯಲ್ಲಿ ಹೇಗೆ ನಿಲ್ಲುತ್ತದೆ ಎಂಬುದರ ಮೇಲೆ ಇವುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಬಿಗಿ ಕೀಲಿನ ಚಾಕು. ಇದರಲ್ಲಿ ಕಮಾನು ಇರುವುದಿಲ್ಲ. ಕೀಲಿನ ಬಿಗಿತ ಮತ್ತು ಹಿಡಿದ ಕೈಯ ಒತ್ತಡಗಳೇ ಅಲಗನ್ನು ನಿಲ್ಲಿಸುತ್ತವೆ. ಎರಡನೆಯದು ಕಮಾನಿನ ಚಾಕು. ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ. ಜೋರಾಗಿ ಮಡಚಿದರೆ ಅದು ಸಡಿಲಗೊಳ್ಳುತ್ತದೆ. ಮೂರನೆಯದು ಬೀಗದ ಚಾಕು. ಇದರಲ್ಲಿ ಬೀಗವನ್ನು ಬಿಡಿಸದೆ ಅಲಗನ್ನು ಮಡಚಲಾಗದು. ಮೊದಲ ಎರಡು ಬಗೆಗಳಲ್ಲಿ ಮೊನೆಯಿಂದ ಚುಚ್ಚಿದರೆ ಅಲಗು ಬೆರಳುಗಳ ಮೇಲೆ ಮಡಚಿಕೊಳ್ಳುವ ಅಪಾಯವಿದೆ. ಅವು ಎಳೆದು ಕೊಯ್ಯಲು ಮಾಡಿದ ಉಪಕರಣಗಳೇ ಹೊರತು ತಿವಿಯಲು ಅಲ್ಲ.

ಇತಿಹಾಸ

ಮಡಚುವ ಚಾಕುವಿನ ಅತ್ಯಂತ ಹಳೆಯ ಮಾದರಿಗಳಲ್ಲಿ ಒಂದು ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ದೊರೆತಿದೆ. ಮೂಳೆಯ ಹಿಡಿಯುಳ್ಳ ಅದು ಕ್ರಿ.ಪೂ. 6ನೇ ಶತಮಾನದ ಆಸುಪಾಸಿನದು. ರೋಮನ್ನರ ಕಾಲದಲ್ಲಿಯೂ ಮಡಚುವ ಚಾಕುಗಳಿದ್ದವು. ಚಾಕು, ಚಮಚ, ಮುಳ್ಳುಚಮಚಗಳು ಒಂದೇ ಹಿಡಿಯಲ್ಲಿ ಮಡಚಿಕೊಳ್ಳುವ ರೋಮನ್ ಉಪಕರಣವೊಂದು ಇಂಗ್ಲೆಂಡಿನ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿದೆ. ಕಮಾನಿನ ಚಾಕುಗಳು 17ನೇ ಶತಮಾನದ ನಂತರ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹೆಚ್ಚಾಗಿ ತಯಾರಾದವು. ಹಕ್ಕಿಯ ಗರಿಯ ಲೇಖನಿಯನ್ನು ಚೂಪು ಮಾಡಲು ಬಳಸುತ್ತಿದ್ದ ಚಾಕುವಿನಿಂದಲೇ 'ಪೆನ್‌ನೈಫ್' ಎಂಬ ಹೆಸರು ಬಂದಿದೆ.

ಇಂದು ಸಂಗ್ರಾಹಕರು ಹೆಚ್ಚಾಗಿ ಅರಸುವ ಮಾದರಿಗಳಲ್ಲಿ ಹಲವು 19ನೇ ಶತಮಾನದ ಕೊನೆಯಲ್ಲಿ ರೂಪುಗೊಂಡವು. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ಸರಳ ಚಾಕುವನ್ನು ರೂಪಿಸಿದನು. ಅದಕ್ಕೆ ತಿರುಗುವ ಉಂಗುರದ ಬೀಗ ಸೇರಿದ್ದು 1955ರಲ್ಲಿ. ಜಪಾನಿನ ಮಿಕಿ ಪಟ್ಟಣದಲ್ಲಿ 1890ರ ದಶಕದಲ್ಲಿ ಹಿಗೊನೊಕಾಮಿ ಎಂಬ ಬಿಗಿ ಕೀಲಿನ ಚಾಕು ತಯಾರಾಯಿತು. ಶಾಲಾ ಮಕ್ಕಳು ಪೆನ್ಸಿಲ್ ಕೆತ್ತಲು ಬಳಸುತ್ತಿದ್ದ ಚಾಕು ಇದು. ಸ್ವಿಟ್ಜರ್‌ಲ್ಯಾಂಡ್‌ನ ಕಾರ್ಲ್ ಎಲ್ಸೆನರ್ 1891ರಲ್ಲಿ ತನ್ನ ದೇಶದ ಸೈನಿಕರಿಗೆ ಚಾಕು ಪೂರೈಸಲು ಆರಂಭಿಸಿ, 1897ರಲ್ಲಿ 'ಸ್ವಿಸ್ ಆರ್ಮಿ ಚಾಕು' ಎಂದು ಪ್ರಸಿದ್ಧವಾದ ಬಹೂಪಯೋಗಿ ಚಾಕುವಿನ ಮಾದರಿಯನ್ನು ನೋಂದಾಯಿಸಿದನು. ಇವೆಲ್ಲವೂ ಮೂಲತಃ ರೈತರ, ವಿದ್ಯಾರ್ಥಿಗಳ ಮತ್ತು ಸಿಪಾಯಿಗಳ ಅಗ್ಗದ ಉಪಕರಣಗಳು. ಸಂಗ್ರಹಯೋಗ್ಯ ಎಂಬ ಬೆಲೆ ಬಂದದ್ದು ಆನಂತರ.

ಭಾರತದಲ್ಲಿ ಮಡಚುವ ಚಾಕುಗಳ ಪೈಕಿ ಉತ್ತರ ಪ್ರದೇಶದ ರಾಮ್‌ಪುರದ 'ರಾಮ್‌ಪುರಿ' ಬಹಳ ಪ್ರಸಿದ್ಧ. ಹಿಂದಿ ಚಲನಚಿತ್ರಗಳಲ್ಲಿ ಅದು ಖಳನಾಯಕರ ಕೈಯಲ್ಲಿ ಕಾಣಿಸಿಕೊಂಡಿತು. ಮಡಚುವ ಚಾಕು ಎಂದರೆ ಪುಂಡರ ಆಯುಧ ಎಂಬ ಭಾವನೆ ದೇಶದಾದ್ಯಂತ ಬೇರೂರಲು ಈ ಚಿತ್ರಣವೂ ಒಂದು ಕಾರಣ.

ಕರ್ನಾಟಕದ ಕಿರುಗತ್ತಿಗಳು

ಕನ್ನಡ ನಾಡಿನ ಅಡುಗೆಮನೆಯಲ್ಲಿ ಕೊಯ್ಯುವ ಮುಖ್ಯ ಉಪಕರಣ ಈಳಿಗೆಮಣೆ. ಅಲಗು ಮಣೆಗೆ ನಾಟಿರುತ್ತದೆ. ತರಕಾರಿಯೇ ಅಲಗಿನತ್ತ ಚಲಿಸುತ್ತದೆ. ಹೊಲದಲ್ಲಿ ರಾಗಿ ಕೊಯ್ಲಿಗೆ ಕುಡುಗೋಲು, ಮರ ಸವರಲು ಮಚ್ಚು, ಸೀಳಲು ಕೊಡಲಿ ಇರುತ್ತವೆ. ಹೀಗೆ ದೊಡ್ಡ ಕೆಲಸಗಳೆಲ್ಲಕ್ಕೂ ಬೇರೆ ಉಪಕರಣಗಳಿದ್ದುದರಿಂದ ಕಿರುಚಾಕುವಿಗೆ ಉಳಿದದ್ದು ಸೂಕ್ಷ್ಮವಾದ ಕೊಯ್ತಗಳು.

ಧರಿಸುವ ಕಿರುಗತ್ತಿಯ ಪರಂಪರೆ ಸ್ಪಷ್ಟವಾಗಿ ಉಳಿದಿರುವುದು ಕೊಡಗಿನಲ್ಲಿ. ಕೊಡವ ಪುರುಷರು ಕುಪ್ಯಚೇಲೆಯ ಉಡುಗೆಯಲ್ಲಿ ಸೊಂಟಕ್ಕೆ ಕಟ್ಟುವ ಚೇಲೆಯ ಮುಂಭಾಗದಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾರೆ. ಬೆನ್ನ ಹಿಂದಿನ ತೋಡಂಗ್‌ನಲ್ಲಿ ಇಡುವ ಅಗಲವಾದ ಒಡಿಕತ್ತಿ ಇದಕ್ಕಿಂತ ಬೇರೆ. ಪೀಚೆಕತ್ತಿ ಮಡಚುವುದಿಲ್ಲ, ಅಲಂಕೃತ ಒರೆ ಅದರ ಭಾಗವೇ ಆಗಿದೆ. ಬಯಲುಸೀಮೆಯಲ್ಲಿ ಇಂತಹ ಉಡುಗೆಯ ಕತ್ತಿ ರೂಢಿಯಲ್ಲಿಲ್ಲ. ಆಯುಧಪೂಜೆಯ ದಿನ ಕುಡುಗೋಲು, ಮಚ್ಚು, ಚಾಕುಗಳನ್ನು ತೊಳೆದು ಕುಂಕುಮವಿಟ್ಟು ಪೂಜಿಸುವ ಪದ್ಧತಿ ಮಾತ್ರ ಎಲ್ಲೆಡೆ ಇದೆ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬಳಕೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಪ್ರದೇಶದಲ್ಲಿ ರೈತರು ಕೆರೆ ಹಾಗೂ ಕೊಳವೆಬಾವಿಗಳ ನೀರಿನಲ್ಲಿ ಹಿಪ್ಪುನೇರಳೆ, ದ್ರಾಕ್ಷಿ, ಮಾವು, ಹೂವು ಮತ್ತು ತರಕಾರಿ ಬೆಳೆಯುತ್ತಾರೆ. ಇಲ್ಲಿನ ಕಿರುಚಾಕುವಿನ ಬಳಕೆ ಮುಖ್ಯವಾಗಿ ಮೂರು ಕಡೆ ಕಂಡುಬರುತ್ತದೆ.

ಕಸಿ ಚಾಕು: ಜೇಬುಚಾಕುವಿನ ವ್ಯಾಖ್ಯೆಗೆ ಪೂರ್ಣವಾಗಿ ಹೊಂದುವ ಸ್ಥಳೀಯ ಉಪಕರಣ ಇದು. ಇದರ ಅಲಗು ಚಿಕ್ಕದು, ಬಾಯಿ ನೇರ. ಉತ್ತಮ ಕಸಿ ಚಾಕುವಿನ ಬಾಯಿಯನ್ನು ಒಂದೇ ಬದಿಯಿಂದ ಇಳಿಜಾರಾಗಿ ಹರಿತಗೊಳಿಸಿರುತ್ತಾರೆ. ಇನ್ನೊಂದು ಬದಿ ಚಪ್ಪಟೆಯಾಗಿರುತ್ತದೆ. ಈ ಚಪ್ಪಟೆ ಬದಿಯಿಂದಾಗಿ ಕೊಯ್ತ ಸಮತಟ್ಟಾಗಿ ಬೀಳುತ್ತದೆ ಮತ್ತು ಕಸಿಕಡ್ಡಿ ಹಾಗೂ ಬೇರುಸಸಿಯ ಹಸಿರು ಪದರಗಳು ಸಂದಿಲ್ಲದೆ ಕೂಡುತ್ತವೆ. ಮೊಂಡು ಚಾಕುವಿನಿಂದ ಜಜ್ಜಿದ ಅಂಗಾಂಶ ಒಣಗಿ ಕಸಿ ವಿಫಲವಾಗುತ್ತದೆ. ಗುಲಾಬಿಗೆ ಕಣ್ಣು ಕಸಿ ಮಾಡುವ ಚಾಕುವಿನಲ್ಲಿ ತೊಗಟೆಯನ್ನು ಹರಿಯದಂತೆ ಎಬ್ಬಿಸಲು ಮೂಳೆ, ಹಿತ್ತಾಳೆ ಅಥವಾ ಪ್ಲಾಸ್ಟಿಕ್ಕಿನ ಮೊಂಡು ನಾಲಗೆಯೊಂದು ಹೆಚ್ಚುವರಿಯಾಗಿ ಇರುತ್ತದೆ.

ಈ ಸಣ್ಣ ಉಪಕರಣದ ಮಹತ್ವಕ್ಕೆ ಚಿಂತಾಮಣಿಯ ಗೋಡಂಬಿ ಉತ್ತಮ ಉದಾಹರಣೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಚಿಂತಾಮಣಿಯ ಕೃಷಿ ಸಂಶೋಧನಾ ಕೇಂದ್ರವು 'ಚಿಂತಾಮಣಿ-1' ಎಂಬ ಗೋಡಂಬಿ ತಳಿಯನ್ನು ಬಿಡುಗಡೆ ಮಾಡಿದೆ. ಗೋಡಂಬಿಯಲ್ಲಿ ಪರಾಗಸ್ಪರ್ಶ ಮಿಶ್ರವಾಗಿ ನಡೆಯುವುದರಿಂದ ಬೀಜದಿಂದ ಬೆಳೆದ ಸಸಿ ತಾಯಿಮರದ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ತಳಿಯನ್ನು ಕಾಪಾಡಿಕೊಂಡು ಹರಡಬೇಕಾದರೆ ಪ್ರತಿಯೊಂದು ಗಿಡಕ್ಕೂ ಮೃದುಕಾಂಡ ಕಸಿ ಮಾಡಬೇಕು. ಬಾದಾಮಿ, ಮಲ್ಲಿಕಾ ಮುಂತಾದ ಮಾವಿನ ತಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದು ತಳಿಯ ಎಲ್ಲ ಮರಗಳೂ ಯಾರದೋ ಕೈಯ ಕಸಿ ಚಾಕುವಿನಿಂದ ಹಾದು ಬಂದವು.

ರೇಷ್ಮೆ ಕೃಷಿ: ಶಿಡ್ಲಘಟ್ಟವು ರಾಜ್ಯದ ಪ್ರಮುಖ ರೇಷ್ಮೆಗೂಡಿನ ಮಾರುಕಟ್ಟೆ ಹಾಗೂ ನೂಲು ಬಿಚ್ಚಾಣಿಕೆಯ ಕೇಂದ್ರಗಳಲ್ಲಿ ಒಂದು. ಹಿಪ್ಪುನೇರಳೆಯನ್ನು ನಾಟಿ ಮಾಡಲು ಮೂರು-ನಾಲ್ಕು ಕಣ್ಣುಗಳಿರುವ ಕಡ್ಡಿಗಳನ್ನು ತೊಗಟೆ ಸೀಳದಂತೆ ಕತ್ತರಿಸಬೇಕಾಗುತ್ತದೆ. ಚಾಕಿ ಹಂತದ ಎಳೆಯ ಹುಳುಗಳಿಗೆ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಹುಳು ಬೆಳೆದಂತೆ ತುಂಡಿನ ಗಾತ್ರವೂ ಹೆಚ್ಚುತ್ತದೆ. ಬಿತ್ತನೆ ಕೋಠಿಗಳಲ್ಲಿ ಗೂಡಿನ ತುದಿಯನ್ನು ಕೊಯ್ದು, ಒಳಗಿನ ಕೋಶಕ್ಕೆ ಗಾಯವಾಗದಂತೆ ಹೊರತೆಗೆದು ಗಂಡು-ಹೆಣ್ಣು ಬೇರ್ಪಡಿಸುತ್ತಾರೆ. ಹೊಗೆಸೊಪ್ಪಿನ ನಿಕೋಟಿನ್ ಹಾಗೂ ಕೀಟನಾಶಕಗಳು ರೇಷ್ಮೆಹುಳುವಿಗೆ ಮಾರಕ. ಆದ್ದರಿಂದ ಹೊಗೆಸೊಪ್ಪು ಕೊಯ್ದ ಜೇಬುಚಾಕುವನ್ನು ಎಲೆ ಹೆಚ್ಚಲು ಬಳಸಬಾರದು. ಸಾಕಣೆ ಮನೆಗೆ ಪ್ರತ್ಯೇಕ ಚಾಕು ಇರಬೇಕು. ಸೋಂಕು ನಿವಾರಣೆಗೆ ಬಳಸುವ ಬ್ಲೀಚಿಂಗ್ ಪುಡಿಯ ದ್ರಾವಣವು ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುವುದರಿಂದ, ಅದರಲ್ಲಿ ಅದ್ದಿದ ಚಾಕುವನ್ನು ನೀರಿನಲ್ಲಿ ತೊಳೆದು ಒರೆಸಿ ಒಣಗಿಸುವುದು ಅಗತ್ಯ.

ಅಡಕತ್ತರಿ: ಅಡಕೊತ್ತು ಎಂದೂ ಕರೆಯುವ ಈ ಉಪಕರಣ ಚಾಕುವಲ್ಲ, ಆದರೆ ಸಂಚಿಯಲ್ಲಿ ಒಯ್ಯುವ, ಕೀಲಿನಿಂದ ಮಡಚುವ ಅಲಗು ಇದಾಗಿರುವುದರಿಂದ ಜೇಬುಚಾಕುವಿನ ಹತ್ತಿರದ ಬಂಧು. ಮೇಲಿನ ತೋಳಿನಲ್ಲಿ ಹರಿತವಾದ ಅಲಗು, ಕೆಳಗಿನ ತೋಳಿನಲ್ಲಿ ಅಡಿಕೆಗೆ ಒತ್ತು ಕೊಡುವ ಪಟ್ಟಿ ಇರುತ್ತವೆ. ಎರಡು ಕಡೆಯ ಒತ್ತಡಕ್ಕೆ ಸಿಕ್ಕವರನ್ನು 'ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಂತೆ' ಎನ್ನುವ ಮಾತು ಕನ್ನಡದಲ್ಲಿ ಈ ಉಪಕರಣದಿಂದಲೇ ಬಂದಿದೆ. ಗಿಳಿ, ನವಿಲು, ಕುದುರೆಗಳ ಆಕಾರದ ಅಡಕತ್ತರಿಗಳು ಭಾರತದ ಹಲವೆಡೆ ತಯಾರಾಗಿದ್ದು, ಕಿರು ಅಲಗುಗಳ ಪೈಕಿ ಭಾರತೀಯ ಸಂಗ್ರಾಹಕರ ಗಮನವನ್ನು ಹೆಚ್ಚು ಸೆಳೆದಿರುವುದು ಇವೇ.

ಕುಲುಮೆ ಮತ್ತು ಉಕ್ಕು

ಅಲಗಿನ ಗುಣ ಅದರ ಉಕ್ಕಿನಲ್ಲಿರುವ ಇಂಗಾಲದ ಪ್ರಮಾಣವನ್ನೂ ಹದವನ್ನೂ ಅವಲಂಬಿಸಿರುತ್ತದೆ. ಇಂಗಾಲ ತೀರ ಕಡಿಮೆಯಿರುವ ಮೆದುಕಬ್ಬಿಣದ ಅಲಗು ಬೇಗ ಮೊಂಡಾಗುತ್ತದೆ. ಸುಮಾರು ಶೇ. 0.5ರಿಂದ 0.6ರಷ್ಟು ಇಂಗಾಲವಿರುವ ಲಾರಿಯ ಕಮಾನುಪಟ್ಟಿಗಳು ಹಳ್ಳಿಯ ಕಮ್ಮಾರರಿಗೆ ಅನುಕೂಲವಾದ ಕಚ್ಚಾವಸ್ತು. ಕಬ್ಬಿಣ ಕೊಯ್ಯುವ ಹಳೆಯ ಗರಗಸದ ಅಲಗನ್ನು ತಿಕ್ಕಿ ಬಟ್ಟೆ ಸುತ್ತಿ ಕಿರುಚಾಕು ಮಾಡಿಕೊಳ್ಳುವುದೂ ಉಂಟು.

ಅಲಗನ್ನು ಬಡಿದು ರೂಪಿಸಿದ ಮೇಲೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅಥವಾ ನೀರಿನಲ್ಲಿ ಅದ್ದುತ್ತಾರೆ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಕಾವು ಅದನ್ನು ಸ್ವಲ್ಪ ಮೀರಿದಾಗ ಅದ್ದಿದರೆ ಅಲಗು ಗಡುಸಾಗುತ್ತದೆ. ಆದರೆ ಹಾಗೆಯೇ ಬಿಟ್ಟರೆ ಗಾಜಿನಂತೆ ಒಡೆಯುತ್ತದೆ. ಮತ್ತೆ ಸುಮಾರು 200 ಡಿಗ್ರಿಯವರೆಗೆ ಮೆಲ್ಲಗೆ ಕಾಯಿಸಿದಾಗ ಅದರ ಮೇಲ್ಮೈಗೆ ಒಣಹುಲ್ಲಿನ ಬಣ್ಣ ಬಂದು, ಗಡಸುತನದೊಡನೆ ತಾಳಿಕೆಯೂ ಕೂಡುತ್ತದೆ. ಇದೇ ಹದ. ಅನುಭವಿ ಕಮ್ಮಾರ ಈ ಎರಡು ಕಾವುಗಳನ್ನೂ ಬಣ್ಣ ನೋಡಿಯೇ ಗುರುತಿಸುತ್ತಾನೆ.

ದಕ್ಷಿಣ ಭಾರತದ ಪ್ರಾಚೀನ ಮೂಸೆ ಉಕ್ಕಿಗೆ ಯುರೋಪಿನಲ್ಲಿ ಬಂದ 'ವೂಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಪದದಿಂದ ಹುಟ್ಟಿತೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ತಯಾರಿಕೆಯನ್ನು ವಿವರಿಸಿದ್ದಾನೆ. ಆದರೆ ಈ ಇತಿಹಾಸದ ಬಲದ ಮೇಲೆ ಹಳೆಯ ಚಾಕುಗಳನ್ನೆಲ್ಲ ವೂಟ್ಜ್ ಉಕ್ಕಿನವೆಂದು ಹೇಳಲಾಗದು. ಲೋಹಪರೀಕ್ಷೆಯಿಲ್ಲದೆ ಅಂತಹ ಮಾತನ್ನು ನಂಬಿ ಹೆಚ್ಚಿನ ಬೆಲೆ ಕೊಡುವುದು ವಿವೇಕವಲ್ಲ.

ಸಂಗ್ರಹ

ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ಅಡಕತ್ತರಿಗಳ ಗಮನಾರ್ಹ ಸಂಗ್ರಹವಿದೆ. ಗಣಿತಜ್ಞ ಸ್ಯಾಮ್ಯುಯಲ್ ಐಲೆನ್‌ಬರ್ಗ್ ಕೂಡಿಸಿದ ಅಡಕತ್ತರಿಗಳ ಕುರಿತು ಹೆನ್ರಿ ಬ್ರೌನ್‌ರಿಗ್ ಬರೆದ ಗ್ರಂಥ 1992ರಲ್ಲಿ ಪ್ರಕಟವಾಯಿತು. ಕರ್ನಾಟಕದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕವು 1994ರಿಂದ ಗ್ರಾಮೀಣ ಗೃಹೋಪಯೋಗಿ ಹಾಗೂ ಕೃಷಿ ಉಪಕರಣಗಳನ್ನು ಪ್ರದರ್ಶಿಸುತ್ತಿದೆ.

ಖಾಸಗಿ ಸಂಗ್ರಾಹಕರಲ್ಲಿ ಎರಡು ನಿಲುವುಗಳಿವೆ. ಬಳಸದ ಚಾಕು ಮಾತ್ರ ತನ್ನ ಮೂಲರೂಪವನ್ನು ಉಳಿಸಿಕೊಳ್ಳುತ್ತದೆ ಎಂಬುದು ಒಂದು. ಬಳಸದ ಚಾಕುವಿಗೆ ಅರ್ಥವಿಲ್ಲ ಎಂಬುದು ಇನ್ನೊಂದು. ಕೆಲಸದ ಚಾಕುವಿನ ಮಟ್ಟಿಗೆ ಸವೆತವೇ ಒಂದು ದಾಖಲೆ. ಸಾಣೆ ಹಿಡಿದು ಹಿಡಿದು ಕಿರಿದಾದ ಅಲಗು ಬಳಕೆಯ ಅವಧಿಯನ್ನು ಸೂಚಿಸುತ್ತದೆ. ಹಿಡಿಯ ಒಂದೇ ಬದಿಯ ನುಣುಪು ಹಿಡಿದ ಕೈ ಎಡವೋ ಬಲವೋ ಎಂಬುದನ್ನು ತಿಳಿಸುತ್ತದೆ. ಹುಳಿ ಹಣ್ಣುಗಳನ್ನು ಕೊಯ್ದಾಗ ಇಂಗಾಲದ ಉಕ್ಕಿನ ಮೇಲೆ ಮೂಡುವ ಬೂದುನೀಲಿ ಪದರ ತುಕ್ಕಲ್ಲ. ಅದು ಅಲಗನ್ನು ತಕ್ಕಮಟ್ಟಿಗೆ ಕಾಪಾಡುತ್ತದೆ. ಇವೆಲ್ಲವನ್ನೂ ಉಜ್ಜಿ ತೆಗೆದು ಹೊಳಪು ಕೊಟ್ಟರೆ ಚಾಕು ಹೊಸದರಂತೆ ಕಾಣಬಹುದು. ಕಳೆದುಹೋದ ಮಾಹಿತಿ ಮರಳಿ ದೊರೆಯದು.

ಆದ್ದರಿಂದ ವಸ್ತುವಿನ ಜೊತೆಗೆ ಅದು ದೊರೆತ ಊರು, ಬಳಸಿದ ಕೆಲಸ, ಸ್ಥಳೀಯ ಹೆಸರು, ಅಲಗಿನ ಉದ್ದ, ಹಿಡಿಯ ಮರ ಮತ್ತು ದುರಸ್ತಿಯ ಗುರುತುಗಳನ್ನು ಬರೆದಿಡುವುದು ಉತ್ತಮ ಪದ್ಧತಿ. ಎರಡು ಮೂರು ಭಾಷೆಗಳು ಬೆರೆತ ಚಿಕ್ಕಬಳ್ಳಾಪುರದಂತಹ ಜಿಲ್ಲೆಯಲ್ಲಿ ಉಪಕರಣದ ಹೆಸರನ್ನು ಬಳಸುವವರ ಮಾತಿನಲ್ಲಿಯೇ ದಾಖಲಿಸಬೇಕು.

ಆರೈಕೆ

ಬಳಸಿದ ಕೂಡಲೇ ಒರೆಸಿ ಒಣಗಿಸುವುದು ಆರೈಕೆಯ ಮೊದಲ ನಿಯಮ. ಹಣ್ಣು-ತರಕಾರಿ ಕೊಯ್ಯುವ ಚಾಕುವಿಗೆ ಕೊಬ್ಬರಿ ಎಣ್ಣೆಯ ತೆಳುಲೇಪ ಸಾಕು. ಈ ಭಾಗದಲ್ಲಿ ಸುಲಭವಾಗಿ ಸಿಗುವ ಹೊಂಗೆ ಎಣ್ಣೆ ತಿನ್ನಲು ಯೋಗ್ಯವಲ್ಲದ್ದರಿಂದ ಆಹಾರಕ್ಕೆ ತಾಗುವ ಅಲಗಿಗೆ ಹಚ್ಚಬಾರದು. ಹುಣಸೆಹಣ್ಣಿನ ಹುಳಿಯಿಂದ ತುಕ್ಕನ್ನೂ ಹಿತ್ತಾಳೆಯ ಕಿಲುಬನ್ನೂ ತೆಗೆಯಬಹುದಾದರೂ, ತಕ್ಷಣ ತೊಳೆಯದಿದ್ದರೆ ಅದೇ ಹುಳಿ ಉಕ್ಕನ್ನು ತಿನ್ನುತ್ತದೆ.

ಸಾಮಾನ್ಯ ಜೇಬುಚಾಕುವನ್ನು ಸಾಣೆಕಲ್ಲಿನ ಮೇಲೆ ಪ್ರತಿ ಬದಿಗೆ ಸುಮಾರು 15ರಿಂದ 20 ಡಿಗ್ರಿ ಓರೆಯಲ್ಲಿ ತಿಕ್ಕುತ್ತಾರೆ. ಕಸಿ ಚಾಕುವಿನ ಇಳಿಜಾರು ಬದಿಯನ್ನು ಮಾತ್ರ ತಿಕ್ಕಬೇಕು. ಚಪ್ಪಟೆ ಬದಿಯನ್ನೂ ಓರೆ ಮಾಡಿದರೆ ಅದು ಕಸಿಗೆ ತಕ್ಕುದಾಗಿ ಉಳಿಯದು. ಯಂತ್ರದ ಸಾಣೆಚಕ್ರದ ಮೇಲೆ ಅತಿಯಾಗಿ ಕಾಯ್ದು ಬಾಯಿ ನೀಲಿಗಟ್ಟಿದರೆ ಅಲ್ಲಿನ ಹದ ಕೆಟ್ಟಿತೆಂದು ತಿಳಿಯಬೇಕು.

ಕಾನೂನು

ಭಾರತದ ಆಯುಧ ಕಾಯ್ದೆ, 1959 ಮತ್ತು ಆಯುಧ ನಿಯಮಗಳು, 2016 ಹರಿತ ಆಯುಧಗಳಿಗೆ ಅಳತೆಯ ಮಿತಿ ಹಾಕಿವೆ. ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾಗಿದ್ದರೆ ಆ ಚಾಕು ನಿಯಮಗಳ ಅನುಸೂಚಿಯ ವ್ಯಾಪ್ತಿಗೆ ಬರುತ್ತದೆ. ಗೃಹ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉದ್ದೇಶಕ್ಕಾಗಿ ರೂಪಿಸಿದವುಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ಸಾಮಾನ್ಯ ಜೇಬುಚಾಕು ಈ ಅಳತೆಗಿಂತ ಬಹಳ ಚಿಕ್ಕದು. ಆದರೂ ಶಾಂತಿಭಂಗದ ಭೀತಿಯಿರುವಾಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 163ನೇ ಪ್ರಕರಣದ ಅಡಿಯಲ್ಲಿ ಹೊರಡಿಸುವ ನಿಷೇಧಾಜ್ಞೆಯು ಆಯುಧ ಒಯ್ಯುವುದನ್ನು ತಡೆಯಬಹುದು. ವಿಮಾನದಲ್ಲಿ ಪ್ರಯಾಣಿಕರು ಕೈಚೀಲದಲ್ಲಿ ಚಾಕು ಒಯ್ಯುವಂತಿಲ್ಲ. ಅಳತೆಯೇನೇ ಇರಲಿ, ಚಾಕು ತೋರಿಸಿ ಬೆದರಿಸುವುದು ಅಪರಾಧ.

ಸಂಗ್ರಾಹಕರಿಗೆ ಇನ್ನೆರಡು ಕಾಯ್ದೆಗಳೂ ಮುಖ್ಯ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಪ್ರಕಾರ ಜಿಂಕೆ ಅಥವಾ ಕಡವೆಯ ಕೊಂಬು ಮತ್ತು ಆನೆದಂತದ ಹಿಡಿಗಳಿರುವ ಚಾಕುಗಳ ಮಾರಾಟ ನಿರ್ಬಂಧಿತವಾಗಿದೆ. ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ, 1972ರ ಪ್ರಕಾರ 100 ವರ್ಷಕ್ಕಿಂತ ಹಳೆಯ ಕುಶಲವಸ್ತುಗಳು ಪ್ರಾಚ್ಯವಸ್ತುಗಳೆನಿಸಬಹುದು. ಅವುಗಳನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ರಫ್ತು ಮಾಡುವಂತಿಲ್ಲ.

ಇಂದಿನ ಸ್ಥಿತಿ

ಕಾರ್ಖಾನೆಯ ತುಕ್ಕುರಹಿತ ಉಕ್ಕಿನ ಚಾಕು, ಬಿಸಾಡಬಹುದಾದ ಬ್ಲೇಡು ಮತ್ತು ಗಿಡ ಸವರುವ ಕತ್ತರಿಗಳು ಕಿರುಚಾಕುವಿನ ಹಲವು ಕೆಲಸಗಳನ್ನು ವಹಿಸಿಕೊಂಡಿವೆ. ಸಸ್ಯಕ್ಷೇತ್ರಗಳಲ್ಲಿ ಕಸಿ ಕಟ್ಟುವವರೂ ಬದಲಾಯಿಸಬಹುದಾದ ಬ್ಲೇಡನ್ನು ಬಳಸುವುದುಂಟು. ಹರಿತಗೊಳಿಸುವ ಶ್ರಮ ಅದರಲ್ಲಿಲ್ಲ. ಕುಡುಗೋಲು, ಮಚ್ಚುಗಳನ್ನು ತಟ್ಟಿಸಲು ರೈತರು ಬರುವುದು ಕಡಿಮೆಯಾದಂತೆ ಕುಲುಮೆಗಳ ಗಳಿಕೆಯೂ ಕುಗ್ಗುತ್ತದೆ. ಕುಲುಮೆ ಮುಚ್ಚಿದಾಗ ಹದದ ಅರಿವೂ ಅದರೊಂದಿಗೆ ಹೋಗುತ್ತದೆ. ಆ ಅರಿವು ಬರೆದಿಟ್ಟದ್ದಲ್ಲ; ಕೈಯಿಂದ ಕೈಗೆ ಬಂದದ್ದು. ಸಂಗ್ರಹದ ಹವ್ಯಾಸವು ಹಳೆಯ ಅಲಗುಗಳನ್ನು ಉಳಿಸಬಲ್ಲದು. ಹೊಸ ಅಲಗು ಹುಟ್ಟಬೇಕಾದರೆ ಕಮ್ಮಾರನಿಗೆ ಕೆಲಸ ಕೊಡುವ, ಮೊಂಡಾದಾಗ ಮತ್ತೆ ಅವನ ಬಳಿಗೇ ಒಯ್ಯುವ ಬಳಕೆದಾರರು ಬೇಕಾಗುತ್ತಾರೆ.